ಮೊಣಕಾಲಿನ ವಿಷಯ ಮುಚ್ಚಿಡಬೇಡ

ಪುಟ್ಟೂ,

ನಿನ್ನ ಮೇಲ್ ಓದಿದಾಗಿನಿಂದ ಒಂದೇ ಮಾತು ತಲೆ ಕೊರೀತಿದೆ. ಔಲಿಯ ಹಿಮದ ತರಬೇತಿಯಲ್ಲಿ ಮೊಣಕಾಲು ಉಳುಕಿದೆ, ಯಾರಿಗೂ ಹೇಳಿಲ್ಲ, ಹೇಳಿದರೆ ಅಂಟಾರ್ಕ್ಟಿಕಾದಲ್ಲಿರೋ ನಮ್ಮ ದೇಶದ ನೆಲೆ ಮೈತ್ರಿಗೆ ಹೋಗುವವರ ಪಟ್ಟಿಯಿಂದ ಹೆಸರು ತೆಗೀತಾರೆ ಅಂತ ಬರೆದಿದ್ದೀಯ. ಉಳಿದದ್ದೆಲ್ಲ ಓದಿ ಖುಷಿಪಟ್ಟೆ. ಇದೊಂದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿದೆ.

ದಕ್ಷಿಣ ಧ್ರುವಕ್ಕೆ ಹೋಗಿ ವಾಪಸ್ ಬರುವಾಗ ಸತ್ತ ಸ್ಕಾಟ್ ತಂಡದ ಕಥೆ ಬಂದರೆ ಎಲ್ಲರೂ ನೆನೆಯೋದು ಬಿರುಗಾಳಿಯಲ್ಲಿ ಡೇರೆಯಿಂದ ಎದ್ದು ಹೊರಗೆ ನಡೆದ ಓಟ್ಸ್‌ನನ್ನು. ನನ್ನನ್ನು ಕಾಡೋದು ಅದೇ ತಂಡದ ಎಡ್ಗರ್ ಇವಾನ್ಸ್‌ನ ಕೈ. 1911ರ ಡಿಸೆಂಬರ್ 31ರಂದು ಸ್ಲೆಡ್ಜ್‌ಗಳನ್ನು (ಮಂಜಿನ ಮೇಲೆ ಎಳೆಯೋ ಜಾರುಬಂಡಿ) 12 ಅಡಿಯಿಂದ 10 ಅಡಿಗೆ ಇಳಿಸುವಾಗ ಕೈ ಕೊಯ್ದುಕೊಂಡ. ಸುಮ್ನಿದ್ದ. ಜನವರಿ 4ಕ್ಕೆ ಕೊನೆಯ ಬೆಂಬಲ ತಂಡದ ಮೂವರು ಹಿಂದಿರುಗಿದರು, ಅವನು ಧ್ರುವಕ್ಕೆ ಹೊರಟ ಐವರಲ್ಲಿ ಉಳಿದ. ಗಾಯದ ಸುದ್ದಿ ಸ್ಕಾಟ್‌ನ ದಿನಚರಿಯಲ್ಲಿ ಬರೋದು 7ಕ್ಕೆ. ಆ ಚಳಿಯಲ್ಲಿ, ಆ ಅರೆಹೊಟ್ಟೆಯಲ್ಲಿ ಅದು ಮಾಯಲೇ ಇಲ್ಲ, ಕೀವು ತುಂಬಿತು, ಆಮೇಲೆ ಬೆರಳಿನ ಉಗುರುಗಳೂ ಕಳಚಿದವು. ತಂಡದಲ್ಲೇ ದೊಡ್ಡ ಆಳು ಅವನು. ಫೆಬ್ರವರಿ 17ಕ್ಕೆ ಬಿಯರ್ಡ್‌ಮೋರ್ ಹಿಮನದಿಯ ಬುಡದಲ್ಲಿ ಎಲ್ಲರಿಗಿಂತ ಮೊದಲು ತೀರಿಕೊಂಡ. ಹಸಿವು, ಬಿದ್ದ ಪೆಟ್ಟು ಎಲ್ಲ ಸೇರಿತ್ತು ನಿಜ. ಆದರೂ ಆ ನಾಲ್ಕು ದಿನದೊಳಗೆ ಬಾಯಿ ಬಿಟ್ಟಿದ್ದರೆ ಹಿಂದಿರುಗಿದವರ ಜೊತೆ ಮನೆ ಸೇರುತ್ತಿದ್ದನೇನೋ.

ನಾನು ಸುರಂಗದ ಕೆಲಸದಲ್ಲಿದ್ದಾಗ ಬಲಗಿವಿ ಗುಂಯ್ ಅನ್ನುತ್ತಿತ್ತು. ಹೇಳಿದರೆ ಆಫೀಸಿಗೆ ಹಾಕ್ತಾರೆ, ಸೈಟ್ ಭತ್ಯೆ ಹೋಗುತ್ತೆ ಅಂತ ಹತ್ತಿ ತುರುಕಿಕೊಂಡು ಓಡಾಡಿದೆ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ. ಈಗ ನೀನು ಫೋನ್ ಮಾಡಿದರೆ ಎಡಗಿವಿಗೇ ಹಿಡಿದುಕೊಳ್ಳಬೇಕು. ಇದನ್ನ ನೆನೆಸಿಕೊಂಡೇ ಭಯ ಜಾಸ್ತಿ ನನಗೆ.

ವಾಪಸ್ ಕಳಿಸಿದರೆ ಎಲ್ಲ ಮುಗೀತು ಅಂತೀಯಲ್ಲ, ಶಾಕಲ್ಟನ್‌ನನ್ನೂ ಕಳಿಸಿದ್ದರು. ಅವನು ಸ್ಕಾಟ್‌ನ ಮೊದಲ ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದವನು. ಸ್ಕರ್ವಿಯಿಂದ, ಅಂದರೆ ವಿಟಮಿನ್ ಸಿ ಕೊರತೆಯ ರೋಗದಿಂದ, ಸೋತು ಏದುಸಿರು ಬಿಡುತ್ತಿದ್ದವನನ್ನು 1903ರಲ್ಲಿ ಸ್ಕಾಟೇ ಹಡಗು ಹತ್ತಿಸಿ ಮನೆಗೆ ಕಳಿಸಿದ. ಎಷ್ಟು ನೊಂದುಕೊಂಡನೋ. 1909ರ ಜನವರಿ 9ಕ್ಕೆ ಅವನೇ ನಾಯಕನಾಗಿ ದಕ್ಷಿಣ ಅಕ್ಷಾಂಶ 88 ಡಿಗ್ರಿ 23 ನಿಮಿಷದವರೆಗೆ ಹೋಗಿ, ಧ್ರುವಕ್ಕೆ ಇನ್ನು 97 ನಾಟಿಕಲ್ ಮೈಲಿ ಇದ್ದಾಗ ಜೊತೆಗಾರರ ಜೀವ ನೋಡಿ ತಿರುಗಿದ. ಅಂಥವನೂ ಎದೆನೋವಿನ ವಿಷಯದಲ್ಲಿ ಡಾಕ್ಟರರಿಗೆ ಸರಿಯಾಗಿ ನೋಡಲು ಬಿಡಲಿಲ್ಲ. 1922ರಲ್ಲಿ ಸೌತ್ ಜಾರ್ಜಿಯಾ ದ್ವೀಪದಲ್ಲಿ ಹಡಗಿನಲ್ಲೇ ತೀರಿಕೊಂಡ, 47 ವರ್ಷಕ್ಕೆ.

ನಿನ್ನ ಮೈತ್ರಿಯ ನೆರೆಯ ರಷ್ಯನ್ ನೆಲೆಯಲ್ಲಿ 1961ರಲ್ಲಿ ರೊಗೊಜೊವ್ ಅನ್ನೋ ಡಾಕ್ಟರ್ ತನ್ನ ಅಪೆಂಡಿಕ್ಸ್ ತಾನೇ ಕೊಯ್ದು ತೆಗೆದ, ಅಲ್ಲಿ ಬೇರೆ ಡಾಕ್ಟರ್ ಇರಲಿಲ್ಲ. ಈಗ ಸೌಕರ್ಯ ಬೇಕಾದಷ್ಟಿದೆ, ಒಪ್ಪುತ್ತೀನಿ. ಆದರೆ ಚಳಿಗಾಲ ಕೂತ ಮೇಲೆ ವಿಮಾನ ಬರಲ್ಲ ಅಲ್ವಾ? ಮಂಜಿನ ಮೇಲೆ ನಿನ್ನ ಕಾಲು ಕೈಕೊಟ್ಟರೆ ನಿನ್ನನ್ನು ಹೊರೋಕೆ ಇನ್ನಿಬ್ಬರು ಬೇಕು.

ನಿನಗೆ ಹೇಳುವಷ್ಟು ತಿಳಿದವನಲ್ಲ ನಾನು. ಒದ್ದೆ ಕಾಲುಚೀಲದಲ್ಲಿ ಇರಬೇಡ, ಅದನ್ನ ಅವರೇ ಕಲಿಸಿರ್ತಾರೆ. ಮೊಣಕಾಲಿಗೆ ಎಂಆರ್‌ಐ ಮಾಡಿಸು, ದುಡ್ಡು ಇವತ್ತೇ ಹಾಕ್ತೀನಿ. ರಿಪೋರ್ಟನ್ನು ತಂಡದ ಡಾಕ್ಟರ ಕೈಗೆ ನೀನೇ ಕೊಡು. ಈ ಸಲ ಬೇಡ ಅಂದರೆ ಕಾಲು ವಾಸಿಯಾದ ಮೇಲೆ ಮತ್ತೆ ಅರ್ಜಿ ಹಾಕು. ಈ ವಾರವೇ ಹೋಗು, ಬಂದ ತಕ್ಷಣ ಫೋನ್ ಮಾಡು.

ನಿನ್ನ ಸೋದರಮಾವ