ಬಾಷು ಇಲ್ಲದ ಹತ್ತರ ಪಟ್ಟಿ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಇರಾನಿನ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಓದಿದೆ. ಕನ್ನಡ ಪತ್ರಿಕೆಯೊಂದು ಇರಾನಿನ ಸಿನಿಮಾಕ್ಕೆ ಇಡೀ ಪುಟ ಬಿಟ್ಟುಕೊಟ್ಟದ್ದು ಸಂತೋಷ. ಆದರೆ ಅದರಲ್ಲಿ ಬಹರಾಮ್ ಬೇಜಾಯಿ ಅವರ ‘ಬಾಷು’ ಇಲ್ಲ. ಹತ್ತನೆಯ ಸ್ಥಾನದಲ್ಲೂ ಇಲ್ಲ. ಸುಮ್ಮನಿರಲಾಗದೆ ಈ ಪತ್ರ.

ಪಟ್ಟಿ ಮಾಡಿದವರು ಯಾವ ಸೂತ್ರ ಬಳಸಿದ್ದಾರೆ ಎಂದು ಕಂಡುಹಿಡಿಯುವುದು ನನ್ನಂಥ ಗಣಿತದ ಮೇಷ್ಟರಿಗೆ ಕಷ್ಟವೇನಲ್ಲ. ‘ಎ ಸೆಪರೇಷನ್’ (2011) ಮೊದಲನೆಯದು, ಅದಕ್ಕೆ ಆಸ್ಕರ್ ಬಂದಿದೆ. ‘ಟೇಸ್ಟ್ ಆಫ್ ಚೆರ್ರಿ’ ಎರಡನೆಯದು, 1997ರಲ್ಲಿ ಅದಕ್ಕೆ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿ ಸಿಕ್ಕಿದೆ. ಜಾಫರ್ ಪನಾಹಿಯವರ ‘ಟ್ಯಾಕ್ಸಿ’ ಮೂರನೆಯದು, 2015ರಲ್ಲಿ ಬರ್ಲಿನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ, ಚಿನ್ನದ ಕರಡಿ, ಅದರ ಪಾಲಾಗಿದೆ. ಒಳ್ಳೆಯ ಚಿತ್ರಗಳೇ, ಜಗಳವಿಲ್ಲ. ಫರ್ಹಾದಿಯವರ ‘ಸೆಪರೇಷನ್’ನಲ್ಲಿ ಗಂಡ, ಹೆಂಡತಿ, ಮನೆಗೆಲಸದಾಕೆ, ಆಕೆಯ ಗಂಡ, ಯಾರ ಮಾತು ಕೇಳಿದರೂ ಆ ಕ್ಷಣಕ್ಕೆ ಅವರದೇ ಸರಿ ಎನಿಸುತ್ತದೆ. ಹಾಗೆ ಬರೆಯಲು ಕೈ ಬಹಳ ಪಳಗಿರಬೇಕು. ಆದರೆ ಹೊರಗಿನ ತೀರ್ಪುಗಾರರು ಯಾವುದಕ್ಕೆ ಬಹುಮಾನ ಕೊಟ್ಟರು ಎಂಬುದು ಒಂದು ಪ್ರಶ್ನೆ. ಇರಾನಿನ ಶ್ರೇಷ್ಠ ಚಿತ್ರ ಯಾವುದು ಎಂಬುದು ಬೇರೆಯೇ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದರ ಎದುರು ಬರೆದ ಹುಡುಗನಿಗೆ ನಾನು ಅಂಕ ಕೊಡುತ್ತಿರಲಿಲ್ಲ.

1999ರಲ್ಲಿ ಇರಾನಿನದೇ ಚಿತ್ರಪತ್ರಿಕೆಯೊಂದು ವಿಮರ್ಶಕರ ಮತ ಕೇಳಿದಾಗ ಮೊದಲು ಬಂದದ್ದು ‘ಬಾಷು’. ಇರಾಕಿನೊಂದಿಗೆ ಯುದ್ಧ ನಡೆಯುತ್ತಿದ್ದಾಗಲೇ ತಯಾರಾದ ಈ ಚಿತ್ರ ತೆರೆ ಕಂಡದ್ದು ಯುದ್ಧ ಮುಗಿದ ಮೇಲೆ, 1989ರಲ್ಲಿ. ಬಾಂಬಿಗೆ ಮನೆಮಂದಿಯನ್ನೆಲ್ಲ ಕಳೆದುಕೊಂಡ ದಕ್ಷಿಣದ ಖೂಜಿಸ್ತಾನದ ಹುಡುಗನೊಬ್ಬ ಲಾರಿಯಲ್ಲಿ ಅಡಗಿ ಕುಳಿತು, ಉತ್ತರದ ಗಿಲಾನ್ ಪ್ರಾಂತದಲ್ಲಿ ಇಳಿಯುತ್ತಾನೆ. ಮಳೆ, ಹಸಿರು, ಭತ್ತದ ಗದ್ದೆ, ಗದ್ದೆಗೆ ನುಗ್ಗುವ ಕಾಡುಹಂದಿ: ಸಕಲೇಶಪುರದವರಿಗೆ ವಿವರಿಸಿ ಹೇಳಬೇಕಾದ್ದೇನಿಲ್ಲ. ಹುಡುಗನ ಮೈ ಕಪ್ಪು, ಮಾತು ಅರಬಿ. ಅವನನ್ನು ಮನೆಯೊಳಗೆ ಕರೆದುಕೊಳ್ಳುವ ಹೆಂಗಸಿನದು ಗಿಲಕಿ. ಆಕೆಯ ಗಂಡ ದುಡಿಮೆಗೆಂದು ದೂರ ಹೋಗಿದ್ದಾನೆ, ಊರವರು ಹುಡುಗನನ್ನು ಓಡಿಸೆನ್ನುತ್ತಾರೆ. ಬಾಯಿಗೆ ಬಿಳಿ ಬಟ್ಟೆ ಅಡ್ಡ ಹಿಡಿದು ಗದ್ದೆಯಿಂದ ಮೇಲೇಳುವ, ಆ ಹೆಂಗಸಿನ ಪಾತ್ರ ಮಾಡಿದ ನಟಿ ಸೂಸನ್ ತಸ್ಲೀಮಿಯ ಆ ಎರಡು ಕಣ್ಣುಗಳಿಗೆ ಸಮನಾದದ್ದು ನಿಮ್ಮ ಹತ್ತರಲ್ಲಿ ಎಲ್ಲಿದೆ, ತೋರಿಸಿ. ಊರ ಹುಡುಗರು ಮೈಮೇಲೆ ಬಿದ್ದಾಗ ಬಾಷು ಅಲ್ಲಿದ್ದ ಶಾಲೆಯ ಪುಸ್ತಕವನ್ನೆತ್ತಿ, ಇರಾನ್ ನಮ್ಮ ದೇಶ ಎಂದು ಪಾರ್ಸಿಯಲ್ಲಿ ಓದುವ ದೃಶ್ಯವೊಂದಿದೆ. ಇಬ್ಬರಿಗೂ ಮನೆಮಾತಲ್ಲದ ಪಠ್ಯದ ಭಾಷೆ ಅಲ್ಲಿ ಮಧ್ಯಸ್ಥಿಕೆಗೆ ಬರುತ್ತದೆ.

ಈ ಚಿತ್ರವನ್ನು ನಾನು ಮಲೆನಾಡಿನ ಅಂಚಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ್ದೆ. ಉಪಶೀರ್ಷಿಕೆ ಇಂಗ್ಲಿಷಿನಲ್ಲಿತ್ತು, ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದಿದ್ದ ಹುಡುಗನೊಬ್ಬ ಕೊನೆಯಲ್ಲಿ ಎದ್ದು ಕೇಳಿದ: “ಸರ್, ಅವನನ್ನು ಶಾಲೆಗೆ ಸೇರಿಸಲು ಟಿ.ಸಿ. ಯಾರು ತಂದುಕೊಡುತ್ತಾರೆ?” ಇಷ್ಟು ನೇರವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಸ್ಥಾನ ಕೊಡಲೇಬಾರದು ಎನ್ನುವ ಪೈಕಿ ನಾನಲ್ಲ. 2019ರಲ್ಲಿ ನಮ್ಮ ಹಾಸನ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲು ಬಂದಾಗ ಹಂಚಿದ ಸಿಹಿಯನ್ನು ನಾನೂ ತಿಂದಿದ್ದೇನೆ. ಆದರೆ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ ನಿಮ್ಮಲ್ಲಿ ಎಂಟನೆಯದು. ಆಸ್ಕರ್‌ಗೆ ನಾಮನಿರ್ದೇಶನವಾಗಿ ಗೆಲ್ಲಲಿಲ್ಲ, ಅಷ್ಟೇ ತಾನೆ? ತಂಗಿಗೆ ಶೂ ಸಿಗಲೆಂದು ಮೂರನೆಯ ಬಹುಮಾನಕ್ಕಾಗಿ ಓಡಿ, ಗ್ರಹಚಾರಕ್ಕೆ ಮೊದಲು ಬಂದು ಅಳುವ ಹುಡುಗನ ಕಥೆಗೆ ಹೀಗೆ ಸ್ಥಾನ ಹಚ್ಚಿದವರ ಧೈರ್ಯ ಮೆಚ್ಚಬೇಕು.

ಕೇಳದಿದ್ದರೂ ನನ್ನ ಎಣಿಕೆ ಹೇಳುತ್ತೇನೆ. ‘ಬಾಷು’ವಿನ ನಂತರ ಕಿಯಾರೊಸ್ತಮಿಯವರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ (1987). ಗೆಳೆಯನ ನೋಟ್‌ಬುಕ್ ತಪ್ಪಿ ತನ್ನ ಚೀಲದಲ್ಲಿ ಬಂತೆಂದು ಹುಡುಗ ಪಕ್ಕದೂರಿಗೆ ಗುಡ್ಡ ಹತ್ತಿ ಓಡುತ್ತಾನೆ. ಅದರಲ್ಲಿ ಬರೆದು ತಾರದವನನ್ನು ಶಾಲೆಯಿಂದಲೇ ಹೊರಹಾಕುವೆನೆಂದು ಗದರುವ ಮೇಷ್ಟರಂಥವರು ನಮ್ಮಲ್ಲಿ ಹೋಬಳಿಗೊಬ್ಬರಾದರೂ ಇದ್ದರು. ಮೂರನೆಯದು ದಾರಿಯುಶ್ ಮೆಹರ್ಜುಯಿಯವರ ‘ದ ಕೌ’ (1969). ಸರ್ಕಾರದ ಹಣದಲ್ಲಿ ತಯಾರಾಗಿ, ಅದೇ ಸರ್ಕಾರದ ಅಡ್ಡಿಗೆ ಸಿಕ್ಕಿ, 1971ರಲ್ಲಿ ಕದ್ದುಮುಚ್ಚಿ ವೆನಿಸ್ ಚಿತ್ರೋತ್ಸವ ತಲುಪಿದ ಚಿತ್ರ. ಇದ್ದೊಂದು ಹಸು ಸತ್ತ ಮೇಲೆ ತಾನೇ ಹಸುವೆಂದುಕೊಂಡು ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುವ ರೈತ ಬೂಕನಬೆಟ್ಟದ ದನದ ಜಾತ್ರೆ ನೋಡಿದವರಿಗೆ ಹುಚ್ಚನಂತೆ ಕಾಣುವುದಿಲ್ಲ. ನಾಲ್ಕನೆಯದಾಗಿ ಕವಯಿತ್ರಿ ಫೊರೂಗ್ ಫರ್ರೊಖ್ಜಾದ್ ಕುಷ್ಠರೋಗಿಗಳ ವಸತಿಯಲ್ಲಿ ಚಿತ್ರೀಕರಿಸಿದ ‘ದ ಹೌಸ್ ಈಸ್ ಬ್ಲ್ಯಾಕ್’. ಇಪ್ಪತ್ತು ಚಿಲ್ಲರೆ ನಿಮಿಷದ್ದೆಂದು ಬಿಟ್ಟಿರಾ? ಆಕೆ 1967ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 32. ಕಿಯಾರೊಸ್ತಮಿಯವರದೇ ‘ಕ್ಲೋಸ್-ಅಪ್’ ಐದನೆಯದು, ಅದು ನನ್ನ ಬುದ್ಧಿಗೆ ಹಿಡಿಸಿದಷ್ಟು ಮನಸ್ಸಿಗೆ ಹಿಡಿಸಲಿಲ್ಲ, ಅಭಿಮಾನಿಗಳು ಬೈಯಲಿ. ಆರರಿಂದ ಹತ್ತು ನಿಮ್ಮಿಷ್ಟ.

ಮುಂದಿನ ವಾರ ಜಪಾನ್ ಎಂದು ಪ್ರಕಟಿಸಿದ್ದೀರಿ. ನಿರ್ದೇಶಕರಲ್ಲಿ ಕುರೊಸಾವಾ, ಓಜು ಬಂದೇ ಬರುತ್ತಾರೆ. ಮಿಕಿಯೊ ನರೂಸೆಯವರನ್ನು ಬಿಟ್ಟರೆ ಮತ್ತೊಂದು ಪತ್ರ ಬರುತ್ತದೆ.

– ನಿವೃತ್ತ ಗಣಿತ ಶಿಕ್ಷಕ, ಕುವೆಂಪು ನಗರ, ಹಾಸನ