ಕ್ಯಾಮೆರಾ ಹಿಡಿದವರು ಮದ್ದಳೆನೂ ಬಾರಿಸಲಿ ಬಿಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣೀಲಿ ಸಿನಿಮಾ, ಫೋಟೊಗ್ರಫಿ, ಬರವಣಿಗೆ ಅಂತ ಹೊರಟಿರೋ ಹುಡುಗ್ರಿಗೆ ಕಿವಿಮಾತು ಹೇಳೋ ಲೇಖನ ಓದಿದೆ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು, ಬೇರೆ ಹವ್ಯಾಸ ಎಲ್ಲಾ ಬದಿಗಿಡಿ, ಇಪ್ಪತ್ನಾಲ್ಕು ಗಂಟೆ ಅದೊಂದೇ ಉಸಿರಾಡಿ ಅಂತ ಬರೆದಿದ್ರು. ಬರೆದವರ ಕಾಳಜಿ ಬಗ್ಗೆ ನನಗೆ ಅನುಮಾನ ಇಲ್ಲ, ಆದ್ರೆ ಆ ಮಾತನ್ನ ಒಪ್ಪೋಕೆ ನನ್ನಿಂದ ಆಗ್ಲಿಲ್ಲ. ಇದನ್ನ ಓದಿ ಎಷ್ಟು ಅಪ್ಪ ಅಮ್ಮಂದಿರು ಮಕ್ಕಳ ಕೈಯಿಂದ ವೀಣೆನೋ ಬೈನಾಕ್ಯುಲರ್ರೋ ಕಿತ್ತಿಡ್ತಾರೋ ಅನ್ನಿಸ್ತು, ಅದಕ್ಕೇ ಈ ಪತ್ರ.

ನಾನು ಸಾಗರದಲ್ಲಿ ರೀಲ್ ಕಾಲದಿಂದ ಸ್ಟುಡಿಯೋ ನಡೆಸ್ತಾ ಇದೀನಿ. ಮದುವೆ, ಉಪನಯನ, ಪಾಸ್‌ಪೋರ್ಟ್ ಸೈಜು ಎಲ್ಲಾ ಮಾಡ್ತೀವಿ, ನಮ್ಮ ಕಡೆ ಯಕ್ಷಗಾನದ ಆಟ ಇದ್ರೆ ರಾತ್ರಿ ಹೋಗಿ ಅದರ ಫೋಟೊನೂ ತೆಗೀತೀನಿ. ಹುಡುಗನಾಗಿದ್ದಾಗ ಮದ್ದಳೆ ಕಲಿತಿದ್ದೆ. ಮೇಳಕ್ಕೆ ಸೇರೋ ಆಸೆಯಿಂದ ಅಲ್ಲ, ಊರಲ್ಲಿ ಒಬ್ಬರು ಭಾಗವತರು ಸಂಜೆ ಹೊತ್ತು ಹೇಳಿಕೊಡ್ತಿದ್ರು, ಇಷ್ಟ ಆಯ್ತು, ಕಲಿತೆ. ಮುಂದೆ ಅದು ಕ್ಯಾಮೆರಾಗೆ ಬರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ, ಹೇಳಿಕೊಟ್ಟವರೂ ಅಂದ್ಕೊಂಡಿರಲಿಲ್ಲ.

ಅದು ಹೇಗೆ ಬಂತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ವೇಷಧಾರಿ ಧಿಗಿಣ, ಅಂದ್ರೆ ಗಿರಗಿರ ಸುತ್ತೋ ಕುಣಿತ, ಹಾಕೋಕೆ ಶುರು ಮಾಡಿದ ತಕ್ಷಣ ಹೊಸ ಫೋಟೊಗ್ರಾಫರುಗಳು ಬಟನ್ ಒತ್ತಿ ಹಿಡಿದುಬಿಡ್ತಾರೆ, ಸೆಕೆಂಡಿಗೆ ಹತ್ತಿಪ್ಪತ್ತು ಫ್ರೇಮು, ಮನೆಗೆ ಹೋಗಿ ನೋಡಿದ್ರೆ ಕಾರ್ಡ್ ತುಂಬಾ ಫೋಟೊ ಆದ್ರೆ ಒಂದರಲ್ಲಿ ಕಾಲು ಕತ್ತರಿಸಿರುತ್ತೆ, ಇನ್ನೊಂದರಲ್ಲಿ ಮುಖ ಕಲಸಿರುತ್ತೆ. ತಾಳ ಗೊತ್ತಿದ್ದವನಿಗೆ ಚೆಂಡೆ ಮುಕ್ತಾಯಕ್ಕೆ ಬರ್ತಾ ಇದೆ ಅನ್ನೋದು ಕಿವೀಲೇ ಮೊದಲು ಗೊತ್ತಾಗುತ್ತೆ. ಆ ಕೊನೇ ಪೆಟ್ಟಿಗೆ ಕಲಾವಿದ ಕಾಲೂರಿ, ಎದೆ ಎತ್ತಿ ನಿಲ್ತಾನೆ, ಕಿರೀಟದ ಅಲುಗಾಟ ಇನ್ನೂ ನಿಂತಿರಲ್ಲ ಆದ್ರೆ ಕಣ್ಣು ನಿಂತಿರುತ್ತೆ, ಅರ್ಧ ಸೆಕೆಂಡೂ ಸಿಗಲ್ಲ ಅದು, ಆದ್ರೆ ಒಂದೇ ಕ್ಲಿಕ್ಕಿಗೆ ಸಾಕು. ಅವನು ನಿಂತಿರೋದ್ರಿಂದ ಶಟರ್ ವೇಗ ಸೆಕೆಂಡಿನ 1/200 ಇಟ್ರೂ ನಡೆಯುತ್ತೆ, ಫ್ಲ್ಯಾಶ್ ಬೇಕಾಗಲ್ಲ. ಫ್ಲ್ಯಾಶ್ ಹೊಡೆದ್ರೆ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಇಟ್ಟ ಚಿಟ್ಟಿಯ, ಅಂದ್ರೆ ಅಕ್ಕಿಹಿಟ್ಟಿನ ಚುಕ್ಕಿಗಳ, ಉಬ್ಬುತಗ್ಗೆಲ್ಲಾ ಚಪ್ಪಟೆ ಆಗಿಹೋಗುತ್ತೆ, ಅದು ಅವರ ಶ್ರಮಕ್ಕೆ ಮಾಡೋ ಅನ್ಯಾಯ. ಇದನ್ನ ಯಾವ ಫೋಟೊಗ್ರಫಿ ಕ್ಲಾಸಲ್ಲೂ ಹೇಳಿಕೊಡಲ್ಲ, ಹೇಳಿಕೊಟ್ರೂ ಕೈಗೆ ಹತ್ತಲ್ಲ, ಬೆರಳಲ್ಲಿ ತಾಳ ಇರಬೇಕು. ಅದೇ ಕಿವಿ ಮದುವೇಲೂ ಕೆಲಸಕ್ಕೆ ಬರುತ್ತೆ, ಮಂಗಳಾಷ್ಟಕದ ಕೊನೇ ಶ್ಲೋಕದ ಧಾಟಿ ಗೊತ್ತಿದ್ರೆ ಅಂತರಪಟ ಯಾವಾಗ ಸರಿಸ್ತಾರೆ ಅಂತ ಪುರೋಹಿತರ ಮುಖ ನೋಡ್ತಾ ಕೂರಬೇಕಾಗಿಲ್ಲ, ಹುಡುಗ ಹುಡುಗಿ ಮುಖದ ಮೇಲೆ ಫೋಕಸ್ ಇಟ್ಟು ಕಾಯ್ತಾ ಇರಬಹುದು.

ನಮ್ಮಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನ ವಿಷಯ ಇನ್ನೂ ಚೆನ್ನಾಗಿದೆ. ಆಷಾಢದಲ್ಲಿ ಮದುವೆ ಇರಲ್ಲ, ಸ್ಟುಡಿಯೋ ಖಾಲಿ, ಹೊರಗೆ ಜಡಿಮಳೆ. ಇವನು ರಾತ್ರಿ ಟಾರ್ಚ್ ಹಿಡ್ಕೊಂಡು ಅಡಿಕೆ ತೋಟದ ಬಸಿಗಾಲುವೆ ಬದೀಲಿ ಕಪ್ಪೆ ಹುಡುಕ್ತಾ ಕೂರ್ತಿದ್ದ. ಕಪ್ಪೆ ಮೈ ಒದ್ದೆ, ನೇರ ಫ್ಲ್ಯಾಶ್ ಬಿದ್ರೆ ಬೆಳ್ಳಗೆ ಹೊಳೆದು ಚರ್ಮದ ಬಣ್ಣನೇ ಕಾಣಲ್ಲ. ಅವನು ಫ್ಲ್ಯಾಶನ್ನ ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಹಿಡಿದ, ಮುಂದೆ ಬಟರ್ ಪೇಪರ್ ಕಟ್ಟಿದ, ದೂರ ಹತ್ತಿರ ಮಾಡಿ ನೋಡಿದ, ಮಳೆಗಾಲ ಮುಗಿಯೋ ಹೊತ್ತಿಗೆ ಒದ್ದೆ ಚರ್ಮದ ಮೇಲೆ ಬೆಳಕು ಹೇಗೆ ಕೂರಬೇಕು ಅನ್ನೋದು ಅವನಿಗೆ ಒಲಿದುಬಿಟ್ಟಿತ್ತು. ಅವರಪ್ಪ ಸ್ಟುಡಿಯೋಗೇ ಬಂದು ಕೇಳಿದ್ರು, ಕಪ್ಪೆ ಫೋಟೊ ತೆಗೆದ್ರೆ ಹೊಟ್ಟೆ ತುಂಬುತ್ತಾ ಸಾರ್, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಅಂತ. ಆ ಸಲದ ಮದುವೆ ಸೀಸನ್ನಲ್ಲಿ ಬೆವರಿದ ಹಣೆ, ಚಿನ್ನದ ಸರ, ರೇಷ್ಮೆ ಸೀರೆ ಜರಿ, ಯಾವುದೂ ಬೆಳ್ಳಗೆ ಹಾರದಂಗೆ ಆ ಹುಡುಗ ತೆಗೆದ ಆಲ್ಬಮ್ ನೋಡಿ ನನಗೇ ಆಶ್ಚರ್ಯ ಆಯ್ತು. ಒದ್ದೆ ಕಪ್ಪೆ, ಬೆವರಿದ ಮದುಮಗಳು, ಬೆಳಕಿನ ಲೆಕ್ಕದಲ್ಲಿ ಎರಡೂ ಒಂದೇ ಸಮಸ್ಯೆ. ಅವನು ಅದನ್ನ ಮದುವೆ ಮನೇಲಿ ಕಲಿಯೋಕೆ ಸಾಧ್ಯನೇ ಇರಲಿಲ್ಲ, ಯಾಕಂದ್ರೆ ಅಲ್ಲಿ ತಪ್ಪು ಮಾಡಿ ನೋಡೋಕೆ ಯಾರೂ ಟೈಮ್ ಕೊಡಲ್ಲ.

ಇದು ನಮ್ಮಂಥ ಸಣ್ಣ ಊರಿನವರ ಮಾತು ಅಂತ ಪಕ್ಕಕ್ಕಿಡೋದಾದ್ರೆ ದೊಡ್ಡವರನ್ನೇ ನೋಡಿ. ಬಿ.ಜಿ.ಎಲ್. ಸ್ವಾಮಿ ಡಿವಿಜಿ ಅವರ ಮಗ, ಅಂಥ ಮನೇಲಿ ಹುಟ್ಟಿದವರು ಸಾಹಿತ್ಯ ಒಂದನ್ನೇ ಹಿಡ್ಕೊಂಡಿದ್ರೆ ಯಾರೂ ಬೇಡ ಅಂತಿರಲಿಲ್ಲ. ಅವರು ಹಿಡಿದದ್ದು ಸಸ್ಯಶಾಸ್ತ್ರ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಪಾಠ ಮಾಡಿದ್ರು, ಅಲ್ಲೇ ಪ್ರಿನ್ಸಿಪಾಲರೂ ಆದ್ರು. ಅವರ ಹಸುರು ಹೊನ್ನು ಏನು ಹೇಳಿ? ವಿದ್ಯಾರ್ಥಿಗಳನ್ನ ಗಿಡ ಮರ ಗುರುತು ಹಿಡಿಯೋಕೆ ಕಾಡಿಗೆ ಕರ್ಕೊಂಡು ಹೋದ ಟೂರು. ಬಾಟನಿ ಪಾಠ, ಹುಡುಗರ ತರಲೆ, ಹಳಗನ್ನಡ ಕಾವ್ಯದ ನೆನಪು ಎಲ್ಲಾ ಒಂದರೊಳಗೊಂದು ಸೇರಿಕೊಂಡು ಬರುತ್ತೆ, ಚಿತ್ರಗಳನ್ನೂ ಅವರೇ ಬರೆದಿದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದಕ್ಕೇ. ಮೈಕ್ರೋಸ್ಕೋಪಲ್ಲಿ ಕಾಂಡದ ತೆಳು ಸೀಳು ನೋಡಿ ನೋಡಿ ಪಳಗಿದ ಕಣ್ಣು ಮನುಷ್ಯರನ್ನೂ ಅಷ್ಟೇ ಹತ್ತಿರದಿಂದ ನೋಡಿದೆ ಆ ಪುಸ್ತಕದಲ್ಲಿ, ಓದಿದವರಿಗೆ ಗೊತ್ತು. ಆಮೇಲೆ ನಾವು ದಿನಾ ಅಡಿಗೆಗೆ ಹಾಕೋ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಕತೇನ ಕನ್ನಡದ ಗೃಹಿಣಿಯರೂ ಕೂತು ಓದೋ ಹಾಗೆ ಬರೆದ್ರಲ್ಲ, ಸಾಹಿತ್ಯ ಮಾತ್ರ ಓದಿಕೊಂಡಿದ್ದವರಿಗೆ ಆ ಸಾಮಗ್ರಿ ಎಲ್ಲಿಂದ ಸಿಗಬೇಕಿತ್ತು?

ತೇಜಸ್ವಿ ಬಗ್ಗೆ ನಾನು ಹೇಳಬೇಕಾದ್ದೇ ಇಲ್ಲ. ಕುವೆಂಪು ಮಗ, ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದ್ರು, ಹಕ್ಕಿ ಫೋಟೊ ತೆಗೆದ್ರು, ಮೀನು ಹಿಡಿದ್ರು, ಕಂಪ್ಯೂಟರಲ್ಲಿ ಕನ್ನಡ ಸರಿಯಾಗಿ ಕೂರಬೇಕು ಅಂತ ಅದರ ಹಿಂದೆನೂ ಬಿದ್ರು. 1980ರ ಕರ್ವಾಲೊ ಜೇನಿನ ಸಹವಾಸದಿಂದ ಹೊರಟು ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕಾದಂಬರಿ, ತೋಟ ಬಿಟ್ಟು ಟೇಬಲ್ ಮುಂದೇನೇ ಕೂತಿದ್ರೆ ಅದು ಹುಟ್ಟುತ್ತಿತ್ತಾ? ನಮ್ಮ ಪಕ್ಕದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರದ್ದೂ ಅಡಿಕೆ ತೋಟದ ಮನೆ. 1949ರಲ್ಲಿ ಶುರುವಾದ ಅವರ ನಾಟಕ ಸಂಸ್ಥೆ ನೀನಾಸಂ ಬರೀ ನಾಟಕ ಆಡಿಕೊಂಡೇ ಇದ್ದುಬಿಡಬಹುದಿತ್ತು, ಆದ್ರೆ 1973ರಲ್ಲಿ ಚಿತ್ರಸಮಾಜ ಮಾಡಿ ಜಗತ್ತಿನ ಸಿನಿಮಾಗಳನ್ನ ಹಳ್ಳಿ ಜನರಿಗೆ ತೋರಿಸಿದ್ರು, ಪುಸ್ತಕ ಅಚ್ಚು ಹಾಕಿದ್ರು. ನಾಟಕ ಸೊರಗಲಿಲ್ಲ ಅದರಿಂದ, 1980ರಲ್ಲಿ ರಂಗಶಿಕ್ಷಣ ಕೇಂದ್ರನೇ ಬಂತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಿವರಾಮ ಕಾರಂತರ ವಿಷಯ ಎತ್ತಿದ್ರೆ ಈ ಪತ್ರ ಮುಗಿಯಲ್ಲ, ಬಿಡ್ತೀನಿ.

ಹಾಗಂತ ಕಂಡಕಂಡದ್ದಕ್ಕೆಲ್ಲಾ ಕೈ ಹಾಕಿ ಅಂತ ನಾನು ಹೇಳ್ತಾ ಇಲ್ಲ. ಕಸುಬು ಕಸುಬೇ, ಅದಕ್ಕೆ ಕೊಡಬೇಕಾದ ಗಂಟೆ ಕೊಡಲೇಬೇಕು, ಫೋಕಸ್ ಎಳೆಯೋಕೆ ಬಾರದವನಿಗೆ ಮದ್ದಳೆ ಬಂದ್ರೂ ಫೋಟೊ ಬರಲ್ಲ. ಇನ್ನೊಂದು, ಈಗೀಗ ಕೆಲವರು ರೀಲ್ಸಲ್ಲಿ ತೋರಿಸೋಕೆ ಅಂತಾನೇ ಹವ್ಯಾಸ ಇಟ್ಕೊಳ್ತಾರೆ, ವಾರ ಕುಂಬಾರಿಕೆ, ವಾರ ಟ್ರೆಕ್ಕಿಂಗು. ಅದರಿಂದ ಏನೂ ಒಳಗೆ ಇಳಿಯಲ್ಲ. ಆ ಕಪ್ಪೆ ಹುಡುಗ ಯಾರಿಗೂ ತೋರಿಸೋಕೆ ಮಳೇಲಿ ಕೂತಿರಲಿಲ್ಲ, ಕಪ್ಪೆ ಮೇಲಿನ ಪ್ರೀತಿಗೆ ಕೂತಿದ್ದ. ಏನಾದ್ರೂ ಸಿಗುತ್ತೆ ಅಂತ ಲೆಕ್ಕ ಹಾಕದೆ ಮಾಡಿದ್ದು ಯಾವತ್ತೋ ಒಂದಿನ ಕೆಲಸದೊಳಗೆ ತಾನಾಗೇ ಬಂದು ಸೇರುತ್ತೆ, ಅದನ್ನ ಬಾಗಿಲಲ್ಲೇ ತಡೀಬಾರದು ಅಷ್ಟೇ ನನ್ನ ಮಾತು.

ನಿಮ್ಮ ಲೇಖನ ಮುಟ್ಟದೇ ಬಿಟ್ಟ ನಿಜವಾದ ಕಷ್ಟ ಬೇರೆ ಇದೆ. ಸ್ವಾಮಿಯವರಿಗೆ ಸಂಬಳ ಇತ್ತು, ತೇಜಸ್ವಿಯವರಿಗೆ ತೋಟ ಇತ್ತು. ಇವತ್ತು ಬೆಂಗಳೂರಲ್ಲಿ ವಿಡಿಯೋ ಎಡಿಟಿಂಗ್ ಮಾಡೋ ಹುಡುಗಿಗೆ ರಾತ್ರಿ ಹನ್ನೊಂದಕ್ಕೆ ಕರೆಕ್ಷನ್ ಬರುತ್ತೆ, ಬೆಳಿಗ್ಗೆ ಒಂಬತ್ತಕ್ಕೆ ಫೈಲ್ ಹೋಗಬೇಕು, ಅವಳು ಯಾವಾಗ ಹಕ್ಕಿ ನೋಡಬೇಕು, ಯಾವಾಗ ಹಾಡು ಕಲೀಬೇಕು? ಬೇರೆ ಆಸಕ್ತಿ ಬಿಡಿ ಅಂತ ಅವಳಿಗೆ ಯಾರೂ ಹೇಳಬೇಕಾಗೇ ಇಲ್ಲ, ಕೆಲಸನೇ ಬಿಡಿಸಿಬಿಟ್ಟಿದೆ. ಆಮೇಲೆ ಎರಡು ಮೂರು ವರ್ಷಕ್ಕೆ ಅವಳ ಕೆಲಸದಲ್ಲಿ ಹೊಸತನ ಇಲ್ಲ ಅಂತ ಅದೇ ಕಂಪನಿಯವರೇ ಹೇಳ್ತಾರೆ. ನೋಡಿದ್ದನ್ನೇ ನೋಡಿ ಕೇಳಿದ್ದನ್ನೇ ಕೇಳಿದ್ರೆ ಹೊಸದು ಎಲ್ಲಿಂದ ಬರಬೇಕು, ನೀವೇ ಹೇಳಿ. ಹಾಗಾಗಿ ಸ್ಟುಡಿಯೋ, ಜಾಹೀರಾತು ಕಂಪನಿ, ಚಾನೆಲ್ಲು ನಡೆಸೋವರಿಗೆ ನನ್ನ ಕೋರಿಕೆ, ಸೀಸನ್ ಇಲ್ದಿರೋ ದಿನಗಳಲ್ಲಿ ಹುಡುಗರನ್ನ ಸುಮ್ನೆ ಆಫೀಸಲ್ಲಿ ಕೂರಿಸ್ಕೋಬೇಡಿ, ಸಂಬಳ ಕಡಿಯದೆ ನಾಲ್ಕು ದಿನ ಬಿಡಿ, ಎಲ್ಲಿ ಬೇಕಾದ್ರೂ ಹೋಗಲಿ. ನಾನು ಆಷಾಢದಲ್ಲಿ ಹಾಗೇ ಮಾಡ್ತೀನಿ, ನಷ್ಟ ಆಗಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಕಲಾವಿದರ ಸಂದರ್ಶನ ಮಾಡೋವಾಗ ಸ್ಫೂರ್ತಿ ಯಾರು, ಮುಂದಿನ ಪ್ರಾಜೆಕ್ಟ್ ಏನು ಅನ್ನೋ ಪ್ರಶ್ನೆ ಸಾಕು, ಈ ಕೆಲಸ ಬಿಟ್ಟು ಇನ್ನೇನು ಮಾಡ್ತೀರಿ, ಅದು ಈ ಕೆಲಸದೊಳಗೆ ಎಲ್ಲಿ ಬಂತು ಅಂತ ಒಂದು ಪ್ರಶ್ನೆ ಕೇಳಿ. ಪುರವಣೀಲಿ ಅದಕ್ಕೇ ಅಂತ ವಾರಕ್ಕೊಂದು ಅರ್ಧ ಪುಟ ಕೊಟ್ರೆ ಇನ್ನೂ ಒಳ್ಳೇದು. ನಮ್ಮ ತಾಲ್ಲೂಕಲ್ಲೇ ಜೇನು ಸಾಕ್ತಾ ನಾಟಕಕ್ಕೆ ಲೈಟಿಂಗ್ ಮಾಡೋರಿದಾರೆ, ಮರಗೆಲಸ ಮಾಡ್ತಾ ಮಕ್ಕಳ ಪದ್ಯ ಬರೆಯೋರಿದಾರೆ. ನಿಮ್ಮ ವರದಿಗಾರರು ಈ ಕಡೆ ಬಂದ್ರೆ ಕರ್ಕೊಂಡು ಹೋಗಿ ಪರಿಚಯ ಮಾಡಿಸೋ ಜವಾಬ್ದಾರಿ ನನ್ನದು.

ಇಂತಿ ನಿಮ್ಮ ಓದುಗ,
ಸ್ಟುಡಿಯೋ ಫೋಟೊಗ್ರಾಫರ್, ಸಾಗರ, ಶಿವಮೊಗ್ಗ ಜಿಲ್ಲೆ