ನೇತ್ರಾಣಿಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ಗೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯಲು, ಶನಿವಾರ ಬೆಳಿಗ್ಗೆ 6ಕ್ಕೆ ಮುರುಡೇಶ್ವರದ ಕಡಲ ದಡದಲ್ಲಿ ಸೇರೋಣ. ನೇತ್ರಾಣಿ ದ್ವೀಪ ಅಲ್ಲಿಂದ ಸುಮಾರು 19 ಕಿ.ಮೀ. ದೋಣಿ ಚೆನ್ನಾಗಿಯೇ ಕುಲುಕುತ್ತದೆ, ತಿಂಡಿ ಹಗುರವಾಗಿರಲಿ.

"ಈಜು ಬರಲ್ಲ, ಭಯ" ಅಂತ ಮೂವರು ಬರೆದಿದ್ದೀರಿ. ನನಗೂ ಬರಲ್ಲ! ಹೋದ ವರ್ಷ ದೋಣಿಯ ಅಂಚು ಹಿಡಿದು ಹತ್ತು ನಿಮಿಷ ಎಲ್ಲರನ್ನೂ ಸತಾಯಿಸಿದ್ದೆ. ಕೆಳಗಿಳಿದ ಮೇಲೆ ಕೇಳಿಸಿದ್ದು ನನ್ನ ಉಸಿರಿನ ಬುಳುಬುಳು ಮಾತ್ರ. ಪಟ್ಟೆ ಮೀನೊಂದು ಕನ್ನಡಕದ ಮುಂದೆಯೇ ನಿಂತು ನನ್ನನ್ನು ನೋಡುತ್ತಿತ್ತು. ಮೇಲೆ ಬಂದವನು ಸುಮ್ನೆ ನಗುತ್ತಲೇ ಇದ್ದೆ.

ಕೆಳಗಿಳಿದಂತೆ ನೀರಿನ ಒತ್ತಡಕ್ಕೆ ಕಿವಿ ಕಟ್ಟುತ್ತದೆ; ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಬಿಡಿಸಿಕೊಳ್ಳುವುದನ್ನು ತರಬೇತುದಾರರು ಹೇಳಿಕೊಡುತ್ತಾರೆ. ಅದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಶೀತವಾಗಿದ್ದರೆ ಇಳಿಯಲೇಬೇಡಿ. ಅಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.